ಹೊಸದಾಗಿ ಗಿಟಾರ್ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ತುಮಕೂರಿನವರಿಗೆ

ತುಮಕೂರಿನಲ್ಲಿ ಗಿಟಾರ್ ಹೇಳಿಕೊಡುವಾಗ ಮಕ್ಕಳು, ಕಾಲೇಜಿನವರು, ಕೆಲಸ ಮುಗಿಸಿ ಸಂಜೆ ಬರುವವರು, ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು. ಗಿಟಾರ್ ಕೊಳ್ಳುವ ಮೊದಲೇ ಒಮ್ಮೆ ಓದಿದರೆ ದುಡ್ಡೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ನನಗೆ ಸಂಗೀತದ ಗಂಧಗಾಳಿಯೂ ಇಲ್ಲ. ಕಲಿಯೋಕೆ ಆಗುತ್ತಾ?

ಆಗುತ್ತದೆ. ಗಂಧಗಾಳಿ ಇಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಈ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಜಾತ್ರೆ, ಹಬ್ಬ ಬಂದರೆ ಪೌರಾಣಿಕ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹಾಡು ತಿದ್ದುತ್ತಾರೆ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ನಾಡಿಗೆಲ್ಲ ಹೆಸರಾಯಿತು. ಇಂಥ ಕಡೆ ಬೆಳೆದವರ ಕಿವಿಯಲ್ಲಿ ಶ್ರುತಿಯೂ ಇರುತ್ತದೆ, ತಾಳವೂ ಇರುತ್ತದೆ. ಭಜನೆಯಲ್ಲಿ ಚಪ್ಪಾಳೆ ತಪ್ಪದೆ ತಟ್ಟುವವರು ಗಿಟಾರ್ ಕಲಿಯಬಲ್ಲರು.

ಅರ್ಧಕ್ಕೆ ಬಿಟ್ಟವರಲ್ಲಿ ಪ್ರತಿಭೆ ಇಲ್ಲದೆ ಬಿಟ್ಟವರು ಕಡಿಮೆ. ತಂತಿ ಒತ್ತಲಾಗದಷ್ಟು ಮೇಲಿರುವ ಗಿಟಾರ್, ಟ್ಯೂನ್ ಆಗದ ಗಿಟಾರ್, ಕೇಳಿಯೇ ಗೊತ್ತಿಲ್ಲದ ಹಾಡು, ಈ ಮೂರೇ ಹೆಚ್ಚಿನವರನ್ನು ಓಡಿಸುವುದು. ಮೂರಕ್ಕೂ ಪರಿಹಾರ ಇದೆ.

ಮಗನಿಗೆ ಏಳು ವರ್ಷ. ಸೇರಿಸಬಹುದಾ?

ಸೇರಿಸಬಹುದು, ಆದರೆ ದೊಡ್ಡವರ ಗಿಟಾರ್ ಕೊಡಬೇಡಿ. ಅರ್ಧ ಅಳತೆಯದು ಅಥವಾ ಮುಕ್ಕಾಲು ಅಳತೆಯದು ಸಿಗುತ್ತದೆ, ನೈಲಾನ್ ತಂತಿಯದೇ ಇರಲಿ. ಅದೂ ಕಷ್ಟವಾದರೆ ಒಂದು ವರ್ಷ ಉಕುಲೇಲೆ ನುಡಿಸಲಿ. ನಾಲ್ಕೇ ತಂತಿ, ಬೆರಳಿಗೆ ಹಗುರ. ಅಲ್ಲಿ ಕಲಿತ ತಾಳ ಗಿಟಾರಿಗೆ ಬಂದಾಗ ಹಾಗೇ ಉಪಯೋಗಕ್ಕೆ ಬರುತ್ತದೆ. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ನಿವೃತ್ತರಾದ ಮೇಲೆ ಶುರು ಮಾಡಿದವರು ಮಕ್ಕಳಿಗಿಂತ ನಿಯಮವಾಗಿ ಅಭ್ಯಾಸ ಮಾಡುತ್ತಾರೆ.

ನೈಲಾನ್ ತಂತಿಯದಾ, ಸ್ಟೀಲ್ ತಂತಿಯದಾ, ಎಲೆಕ್ಟ್ರಿಕ್ಕಾ?

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೆತ್ತಗಿರುತ್ತದೆ, ಕುತ್ತಿಗೆ ಮಾತ್ರ ಅಗಲ. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ದನಿ ಜೋರು. ಹಾಡಿಗೆ ಜತೆಯಾಗಿ ನುಡಿಸಲು ಹೆಚ್ಚಿನವರು ಬಳಸುವುದು ಅದನ್ನೇ. ಎಲೆಕ್ಟ್ರಿಕ್ ಒತ್ತಲು ಎಲ್ಲಕ್ಕಿಂತ ಸುಲಭ, ಆದರೆ ಆಂಪ್ಲಿಫೈಯರ್ ಬೇಕು. ಹಾಡಿಕೊಂಡು ನುಡಿಸುವ ಆಸೆ ಇದ್ದರೆ ಸ್ಟೀಲ್ ತಂತಿಯ ಅಕೌಸ್ಟಿಕ್ ತೆಗೆದುಕೊಳ್ಳಿ, ತಂತಿ ಮಾತ್ರ ಸಣ್ಣದು ಹಾಕಿಸಿ. ಸೆಟ್ ಕೇಳುವಾಗ ‘10ರ ಸೆಟ್’ ಅಥವಾ ‘11ರ ಸೆಟ್’ ಅನ್ನಿ. ಅದು ತೀರ ತೆಳ್ಳಗಿನ ತಂತಿಯ ದಪ್ಪ, ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹತ್ತು ಅಥವಾ ಹನ್ನೊಂದು ಭಾಗ.

ಒಂದು ಎಚ್ಚರಿಕೆ: ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಹಾಕಬೇಡಿ. ಆರು ನೈಲಾನ್ ತಂತಿ ಸೇರಿ ಎಳೆಯುವುದು ಸುಮಾರು 40 ಕೆ.ಜಿ. ಭಾರದಷ್ಟು. ಮಾಮೂಲಿ ಸ್ಟೀಲ್ ಸೆಟ್ ಸುಮಾರು 70 ಕೆ.ಜಿ.ಯಷ್ಟು ಎಳೆಯುತ್ತದೆ. ತಂತಿ ಕಟ್ಟುವ ಬ್ರಿಡ್ಜ್ ಕಿತ್ತುಕೊಂಡೇ ಬರುತ್ತದೆ.

ಎಷ್ಟು ದುಡ್ಡಿಗೆ ಒಳ್ಳೆಯದು ಸಿಗುತ್ತೆ? ಅಂಗಡಿಯಲ್ಲಿ ಏನು ನೋಡಬೇಕು?

ಸುಮಾರು ಐದರಿಂದ ಹತ್ತು ಸಾವಿರದೊಳಗೆ ವರ್ಷಗಟ್ಟಲೆ ಬಾಳುವ ಗಿಟಾರ್ ಸಿಗುತ್ತದೆ. ಎರಡು ಮೂರು ಸಾವಿರಕ್ಕೂ ಸಿಗುತ್ತದೆ. ಆದರೆ ಅಂಥವುಗಳಲ್ಲಿ ಹಲವಕ್ಕೆ ತಂತಿಯ ಎತ್ತರ ಸರಿ ಇರುವುದಿಲ್ಲ, ತಂತಿ ಬಿಗಿಸುವ ಬಿರಡೆ ನಿಲ್ಲುವುದಿಲ್ಲ. ಹೆಸರಿಗಿಂತ ಕೈಯಲ್ಲಿರುವ ಆ ಒಂದು ಗಿಟಾರ್ ಹೇಗಿದೆ ಅನ್ನುವುದೇ ಮುಖ್ಯ. ಬಿ.ಎಚ್. ರಸ್ತೆಯ ಅಂಗಡಿ ಆಗಲಿ, ರೈಲು ಹತ್ತಿ 70 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ನೋಡುವುದಾಗಲಿ, ಜೇಬಿನಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು ಹೋಗಿ. ಮಕ್ಕಳ ಜಾಮಿಟ್ರಿ ಬಾಕ್ಸಿನದೇ ಸಾಕು.

ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್, ತಲೆಯ ಕಡೆಯಿಂದ ಎಣಿಸಬೇಕು. ಮೊದಲು 12ನೇ ಫ್ರೆಟ್ ಹುಡುಕಿ. ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕಿ ಇರುತ್ತವೆ. ಆ ಲೋಹದ ಪಟ್ಟಿಯ ಮೇಲ್ಭಾಗದಿಂದ ಅತಿ ದಪ್ಪ ತಂತಿಯ ಕೆಳಭಾಗಕ್ಕೆ ಎಷ್ಟು ಅಂತರ ಇದೆ ಅಳೆಯಿರಿ. ಸ್ಟೀಲ್ ಗಿಟಾರಿನಲ್ಲಿ ಎರಡೂವರೆ ಮಿ.ಮೀ. ಆಸುಪಾಸು ಇದ್ದರೆ ಸೊಗಸು. ನಾಲ್ಕು ಮಿ.ಮೀ. ಇದ್ದರೆ ತಗ್ಗಿಸಿಕೊಡಿ ಎಂದು ಕೇಳಿ, ಆಗುವುದಿಲ್ಲ ಅಂದರೆ ಬೇರೆಯದು ನೋಡಿ. ಆಮೇಲೆ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತಲೆಯ ಕಡೆಯಿಂದ ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿ. ತಿರುಚಿಕೊಂಡಿದ್ದರೆ ಗೊತ್ತಾಗುತ್ತದೆ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಝುಂಯ್ ಎಂದು ಲೋಹ ತಾಗುವ ಸದ್ದು ಬಂದರೆ ಗುರುತು ಮಾಡಿಕೊಳ್ಳಿ. ಕೊನೆಗೆ 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಅಲ್ಲೇ ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಎರಡಕ್ಕೂ ವ್ಯತ್ಯಾಸ ಇದ್ದರೆ ಆ ಗಿಟಾರ್ ಮೇಲಿನ ಫ್ರೆಟ್ಟುಗಳಲ್ಲಿ ಎಂದೂ ಶ್ರುತಿಯಲ್ಲಿ ಇರುವುದಿಲ್ಲ.

ಇಷ್ಟು ನೋಡಲು ಹತ್ತು ನಿಮಿಷ ಹಿಡಿಯುತ್ತದೆ. ಅಂಗಡಿಯವರು ಗೊಣಗಿದರೂ ಬಿಡಬೇಡಿ. ಮರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಕಾಲ ಆಮೇಲೆ ಬರುತ್ತದೆ. ಒಂದು ಸಂಗತಿ ಮಾತ್ರ ಹೇಳಲೇಬೇಕು: ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು, ಬೆರಳಹಲಗೆ ಮಾಡುವುದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದಿಂದ. ಇದು ನಮಗೆ ತೀರ ಪರಕೀಯ ವಾದ್ಯವೇನಲ್ಲ.

ನಾನು ಎಡಚ. ಬೇರೆ ಗಿಟಾರ್ ಬೇಕಾ?

ಮೊದಲು ಮಾಮೂಲಿ ಗಿಟಾರನ್ನೇ ಎರಡು ಮೂರು ವಾರ ಪ್ರಯತ್ನಿಸಿ. ಇಲ್ಲಿ ಎರಡೂ ಕೈಗೆ ಸಮ ಕೆಲಸ ಇದೆ, ಎಡಗೈ ಚುರುಕಾಗಿದ್ದರೆ ತಂತಿ ಒತ್ತಲು ಒಳ್ಳೆಯದೇ. ಬಲಗೈಗೆ ತಾಳ ಕೂರುವುದೇ ಇಲ್ಲ ಅನಿಸಿದರೆ ಎಡಗೈಯವರ ಗಿಟಾರ್ ತರಿಸಿ. ಅಮೆರಿಕದ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನೇ ತಿರುಗಿಸಿ, ತಂತಿಗಳನ್ನು ಅದಲುಬದಲು ಮಾಡಿಕೊಂಡು ನುಡಿಸಿದವರು. ಎಡಗೈ ಎಂದು ಮಗುವನ್ನು ಗದರಿಸುವುದಂತೂ ಬೇಡ.

ತಂತಿಗಳ ಹೆಸರೇನು? ಟ್ಯೂನ್ ಮಾಡೋದು ಹೇಗೆ?

ಅತಿ ತೆಳ್ಳಗಿನದು ಒಂದನೇ ತಂತಿ, ಅತಿ ದಪ್ಪನೆಯದು ಆರನೇದು. ದಪ್ಪದಿಂದ ಶುರು ಮಾಡಿದರೆ ಇ, ಎ, ಡಿ, ಜಿ, ಬಿ, ಇ. ಐದನೇ ತಂತಿ ಸೆಕೆಂಡಿಗೆ 110 ಸಲ ಕಂಪಿಸಬೇಕು. ಟ್ಯೂನರ್‌ಗಳಲ್ಲಿ ಕಾಣುವ 440 ಅದೇ ಸ್ವರದ ಎರಡು ಸ್ಥಾಯಿ ಮೇಲಿನದು.

ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ರಸ್ತೆ ಬದಿಯ ಮನೆಯಲ್ಲಿ ಬಸ್ಸಿನ ಹಾರ್ನ್ ಕೇಳಿ ಆ್ಯಪ್ ತಬ್ಬಿಬ್ಬಾಗುತ್ತಿದ್ದರೆ ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ತನ್ನಿ. ಅದು ಗಾಳಿಯ ಸದ್ದನ್ನಲ್ಲ, ಮರದ ಕಂಪನವನ್ನು ಹಿಡಿಯುತ್ತದೆ. ಯಾವಾಗಲೂ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾ ನಿಲ್ಲಿಸಿ. ಹೆಚ್ಚಾದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ, ಆಗ ಬಿರಡೆ ಜಾರುವುದಿಲ್ಲ. ಟ್ಯೂನರಿನಲ್ಲಿ ಅಕ್ಷರ ಸರಿ ಬಂದರೂ ಸ್ಥಾಯಿ ತಪ್ಪಿರಬಹುದು. ಒಂದನೇ ತಂತಿ ಬಿರುಸಾಗಿ ಬೆರಳಿಗೆ ಕೊಯ್ಯುವಂತಿದ್ದರೆ ಅಲ್ಲೇ ನಿಲ್ಲಿಸಿ, ಇಲ್ಲವಾದರೆ ಕಿತ್ತು ಮುಖಕ್ಕೆ ಹೊಡೆಯುತ್ತದೆ.

ಕಿವಿಯಿಂದ ಟ್ಯೂನ್ ಮಾಡುವುದನ್ನೂ ಮೊದಲ ತಿಂಗಳಲ್ಲೇ ಕಲಿಯಿರಿ. ಆರನೇ ತಂತಿಯ 5ನೇ ಫ್ರೆಟ್ ಒತ್ತಿದರೆ ಬಿಟ್ಟ, ಅಂದರೆ ಎಲ್ಲೂ ಒತ್ತದ, ಐದನೇ ತಂತಿಯ ಸ್ವರ. ಐದನೇದರ 5ನೇ ಫ್ರೆಟ್ ನಾಲ್ಕನೇದಕ್ಕೆ, ನಾಲ್ಕನೇದರ 5ನೇ ಫ್ರೆಟ್ ಮೂರನೇದಕ್ಕೆ. ಮೂರನೇ ತಂತಿಯಲ್ಲಿ ಮಾತ್ರ 4ನೇ ಫ್ರೆಟ್, ಅದು ಎರಡನೇದಕ್ಕೆ. ಎರಡನೇದರ 5ನೇ ಫ್ರೆಟ್ ಒಂದನೇದಕ್ಕೆ. ಎರಡು ಸ್ವರ ಹತ್ತಿರ ಬಂದಾಗ ಸದ್ದು ಅಲೆಅಲೆಯಾಗಿ ತೂಗುತ್ತದೆ, ಅಲೆ ನಿಧಾನವಾಗುತ್ತಾ ನಿಂತುಹೋದ ಗಳಿಗೆಗೆ ಶ್ರುತಿ ಸೇರಿತು. ತಂಬೂರಿ ಕೂಡಿಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ.

ಬೆರಳು ಉರಿಯುತ್ತೆ. ಎಷ್ಟು ದಿನ?

ಎರಡರಿಂದ ನಾಲ್ಕು ವಾರ. ತುದಿ ಗಟ್ಟಿಯಾಗುತ್ತದೆ. ಒಂದೇ ಸಲ ಗಂಟೆಗಟ್ಟಲೆ ಕೂರದೆ ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಕೂತುಕೊಳ್ಳಿ. ಒತ್ತುವ ಜಾಗ ಸರಿ ಇದ್ದರೆ ಅರ್ಧ ನೋವು ಇರುವುದೇ ಇಲ್ಲ: ಎರಡು ಲೋಹದ ಪಟ್ಟಿಗಳ ನಡುವೆ ಅಲ್ಲ, ಗಿಟಾರಿನ ಒಡಲಿನ ಕಡೆಗಿರುವ ಪಟ್ಟಿಗೆ ತಾಗಿದಂತೆ, ಅದರ ಹಿಂಬದಿಗೇ ಬೆರಳು ಬರಲಿ. ಎಡಗೈ ಉಗುರು ಕತ್ತರಿಸಿರಬೇಕು. ಬೆರಳ ತುದಿ ಉರಿಯುವುದು ಸಹಜ, ಮಣಿಕಟ್ಟು ನೋಯುವುದು ಸಹಜ ಅಲ್ಲ. ಹಾಗಾದರೆ ನಿಲ್ಲಿಸಿ, ಕೂರುವ ಭಂಗಿ ತೋರಿಸಿಕೊಳ್ಳಿ.

ಮೊದಲು ಯಾವ ಕಾರ್ಡ್ ಕಲಿಯಲಿ?

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೊದಲನೆಯದು ಇ ಮೈನರ್. ಐದನೇ, ನಾಲ್ಕನೇ ತಂತಿಗಳ 2ನೇ ಫ್ರೆಟ್ ಒತ್ತಿ ಆರೂ ತಂತಿ ಮೀಟಿದರೆ ಆಯಿತು. ಆಮೇಲೆ ಎ ಮೈನರ್: ಎರಡನೇ ತಂತಿಯ 1ನೇ ಫ್ರೆಟ್ಟಿಗೆ ತೋರುಬೆರಳು, ನಾಲ್ಕನೇ ತಂತಿಯ 2ನೇ ಫ್ರೆಟ್ಟಿಗೆ ನಡುಬೆರಳು, ಮೂರನೇ ತಂತಿಯ 2ನೇ ಫ್ರೆಟ್ಟಿಗೆ ಉಂಗುರಬೆರಳು. ಈಗ ಬೇರೆ ಎರಡು ಬೆರಳನ್ನು ಕದಲಿಸದೆ ಉಂಗುರಬೆರಳೊಂದನ್ನೇ ಐದನೇ ತಂತಿಯ 3ನೇ ಫ್ರೆಟ್ಟಿಗೆ ಕಳಿಸಿ. ಅದು ಸಿ. ಈ ಎರಡರ ನಡುವೆ ನಿಧಾನವಾಗಿ ಹೋಗಿ ಬರುವುದೇ ಮೊದಲ ವಾರದ ಪಾಠ. ಯಾವ ಬೆರಳು ಇದ್ದಲ್ಲೇ ಇರಬಹುದು ಅನ್ನುವುದನ್ನು ಹುಡುಕುತ್ತಾ ಹೋದರೆ ಕಾರ್ಡ್ ಬದಲಾಯಿಸುವ ಕಷ್ಟ ಬಹುಪಾಲು ಇಳಿಯುತ್ತದೆ. ಜಿ, ಡಿ ಆಮೇಲೆ ಸೇರಿಸಿ. ಈ ಐದು ಬಂದರೆ ಎಷ್ಟೋ ಭಾವಗೀತೆ, ಸಿನಿಮಾ ಹಾಡುಗಳಿಗೆ ಜತೆ ಕೊಡಬಹುದು.

ಕಾರ್ಡ್ ಬರುತ್ತೆ, ಆದರೆ ಹಾಡಿಗೆ ಕೂರಲ್ಲ. ಯಾಕೆ?

ಎಡಗೈ ಮೇಲೆ ಇಟ್ಟ ಗಮನದಲ್ಲಿ ಅರ್ಧವನ್ನೂ ಬಲಗೈ ಮೇಲೆ ಇಡುವುದಿಲ್ಲ, ಅದಕ್ಕೆ. ಕಾರ್ಡ್ ತಪ್ಪಿದರೆ ಕೇಳುವವರು ಕ್ಷಮಿಸುತ್ತಾರೆ, ತಾಳ ತಪ್ಪಿದರೆ ಹಾಡುವವರೇ ನಿಲ್ಲಿಸುತ್ತಾರೆ.

ಬಲಗೈ ತಂತಿಗಳನ್ನು ಮೀಟಲು ಎಲ್ಲ ಕಡೆ ಹೇಳಿಕೊಡುವ ಮೊದಲ ನಡೆ ಇದು: ಕೆಳಗೆ, ಕೆಳಗೆ ಮೇಲೆ, ಮೇಲೆ, ಕೆಳಗೆ ಮೇಲೆ. ನಾಲ್ಕು ಎಣಿಕೆಯ ನಡೆ. ಗುಟ್ಟು ಇರುವುದು ಮೂರನೇ ಎಣಿಕೆಯಲ್ಲಿ. ಅಲ್ಲಿ ಕೈ ಕೆಳಗೆ ಇಳಿಯುತ್ತದೆ, ಆದರೆ ತಂತಿಗೆ ತಾಗುವುದಿಲ್ಲ. ಕೈ ನಿಲ್ಲಿಸಿದಿರೋ ತಾಳ ಹೋಯಿತು. ಸದ್ದು ಇರಲಿ ಬಿಡಲಿ, ತೋಳು ಒಂದೇ ಸಮನೆ ಇಳಿದು ಏರುತ್ತಿರಬೇಕು.

ಆದರೆ ನಮ್ಮ ಹಾಡುಗಳೆಲ್ಲ ನಾಲ್ಕರಲ್ಲಿ ಇಲ್ಲ. ಅಂತರ್ಜಾಲದಲ್ಲಿ ಸಿಕ್ಕ ಒಂದೇ ನಡೆಯನ್ನು ಎಲ್ಲಕ್ಕೂ ಹೇರುವುದೇ ಕೂರದಿರಲು ದೊಡ್ಡ ಕಾರಣ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಛಂದಸ್ಸು ಹೇಳಿಕೊಟ್ಟದ್ದು ನೆನಪಿದೆಯಾ? ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶರ ಷಟ್ಪದಿಯಲ್ಲಿ ನಾಲ್ಕು ಮಾತ್ರೆಯ ಗಣ, ಭೋಗದಲ್ಲಿ ಮೂರು, ಕುಸುಮದಲ್ಲಿ ಐದು, ಭಾಮಿನಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು. ಕನ್ನಡದ ಪದ್ಯ, ಭಾವಗೀತೆ, ಜನಪದ ಗೀತೆ ಹೆಚ್ಚಾಗಿ ನಡೆಯುವುದು ಇಂಥ ಲೆಕ್ಕಗಳಲ್ಲೇ. ಹಾಡಿನ ಮೊದಲ ಸಾಲನ್ನು ಜೋರಾಗಿ ಹೇಳಿ, ಒತ್ತು ಎಲ್ಲಿ ಬೀಳುತ್ತದೆ ನೋಡಿ, ಎಣಿಸಿ.

ಆಮೇಲೆ ಗಿಟಾರಿನಲ್ಲಿ ಹೀಗೆ: ಪ್ರತಿ ಗಣದ ಮೊದಲ ಮಾತ್ರೆಗೆ ಹೆಬ್ಬೆರಳಿನಿಂದ ಒಂದು ದಪ್ಪ ತಂತಿ, ಉಳಿದ ಮಾತ್ರೆಗಳಿಗೆ ಬೆರಳಿನಿಂದ ಕೆಳಗಿನ ಮೂರು ತೆಳು ತಂತಿಗಳನ್ನು ಹಗುರವಾಗಿ ಸವರಿ. ಮೂರರ ನಡೆಗೆ ಬಾಯಲ್ಲಿ ‘ತಕಿಟ’, ಐದಕ್ಕೆ ‘ತಕ ತಕಿಟ’, ಏಳಕ್ಕೆ ‘ತಕಿಟ ತಕಧಿಮಿ’ ಎನ್ನುತ್ತಾ ನುಡಿಸಿ. ಹೆಬ್ಬೆರಳಿಗೆ ಯಾವ ತಂತಿ? ಸಿ ಮತ್ತು ಎ ಮೈನರ್‌ಗೆ ಐದನೇದು, ಜಿ ಮತ್ತು ಇ ಮೈನರ್‌ಗೆ ಆರನೇದು, ಡಿಗೆ ನಾಲ್ಕನೇದು. ಒಂದೇ ಕಾರ್ಡಿನಲ್ಲಿ ಸಾಲು ಪೂರ್ತಿ ಹೇಳಿಕೊಂಡು ನುಡಿಸಲು ಬಂದ ಮೇಲೆ ಎರಡನೇ ಕಾರ್ಡ್ ಸೇರಿಸಿ. ‘ಹಾಡಿಕೊಂಡು ನುಡಿಸೋಕೆ ಆಗಲ್ಲ’ ಅನ್ನುವವರಿಗೆ ನಾನು ಕೊಡುವುದು ಇದೊಂದೇ ಅಭ್ಯಾಸ.

ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಗಿಟಾರ್ ಸೇರಿಸಿದರೆ ಕೆಡುತ್ತಾ?

ಕೆಡುವುದಿಲ್ಲ, ಅವಳಿಗೆ ಗಿಟಾರ್ ಬೇರೆಯವರಿಗಿಂತ ಬೇಗ ಬರುತ್ತದೆ. ಒಂದು ಫ್ರೆಟ್ ಅಂದರೆ ಒಂದು ಸ್ವರಸ್ಥಾನ. ಹನ್ನೆರಡು ಸ್ವರಸ್ಥಾನ ದಾಟಿ 12ನೇ ಫ್ರೆಟ್ಟಿಗೆ ಬಂದರೆ ಮೇಲಿನ ಸ್ಥಾಯಿಯ ಅದೇ ಸ್ವರ.

ಐದನೇ ತಂತಿಯ 3ನೇ ಫ್ರೆಟ್ಟನ್ನು ಷಡ್ಜ ಮಾಡಿಕೊಳ್ಳಿ. ಬಿಟ್ಟ ನಾಲ್ಕನೇ ತಂತಿ ರಿಷಭ, ಅದರ 2ನೇ ಫ್ರೆಟ್ ಗಾಂಧಾರ, 3ನೇದು ಮಧ್ಯಮ. ಬಿಟ್ಟ ಮೂರನೇ ತಂತಿ ಪಂಚಮ, ಅದರ 2ನೇ ಫ್ರೆಟ್ ಧೈವತ. ಬಿಟ್ಟ ಎರಡನೇ ತಂತಿ ನಿಷಾದ, ಅದರ 1ನೇ ಫ್ರೆಟ್ ತಾರಷಡ್ಜ. ಇದು ಶಂಕರಾಭರಣ, ಪಾಶ್ಚಾತ್ಯರ ಸಿ ಮೇಜರ್ ಸ್ಕೇಲ್ ಕೂಡ ಇದೇ. ಇಲ್ಲಿ ಎರಡೇ ಸ್ವರ ಬದಲಾಯಿಸಿ: ರಿಷಭವನ್ನು ಐದನೇ ತಂತಿಯ 4ನೇ ಫ್ರೆಟ್ಟಿಗೆ, ಧೈವತವನ್ನು ಮೂರನೇ ತಂತಿಯ 1ನೇ ಫ್ರೆಟ್ಟಿಗೆ ತನ್ನಿ. ಮಾಯಾಮಾಳವಗೌಳ ಸಿಕ್ಕಿತು, ಸರಳೆ ವರಸೆ ಪೂರ್ತಿ ಇಲ್ಲೇ ನುಡಿಸಬಹುದು. ಶಂಕರಾಭರಣದಿಂದ ಮಧ್ಯಮ, ನಿಷಾದ ತೆಗೆದರೆ ಮೋಹನ. ಹೊಸಬರ ಬೆರಳು ಪಳಗಿಸಲು ಸರಳೆ ವರಸೆ, ಜಂಟಿ ವರಸೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮೂರು ಕಾಲದಲ್ಲಿ ನುಡಿಸಿದರೆ ಲಯವೂ ಗಟ್ಟಿಯಾಗುತ್ತದೆ.

ಗಮಕದ ವಿಷಯ ಬೇರೆ. ವೀಣೆಯಲ್ಲೂ 24 ಮೆಟ್ಟಿಲಿವೆ, ಆದರೆ ಅವು ಎತ್ತರವಾಗಿದ್ದು ತಂತಿ ಎಳೆಯಲು ಜಾಗ ಕೊಡುತ್ತವೆ. ಗಿಟಾರಿನಲ್ಲಿ ಜಾರು, ಎಳೆತ ಕಷ್ಟಪಟ್ಟು ಸಾಧಿಸಬೇಕು. ಗಿಟಾರ್ ಪ್ರಸನ್ನ ಅವರು ಕರ್ನಾಟಕ ಸಂಗೀತವನ್ನೇ ನುಡಿಸುತ್ತಾರೆ, ವಿಶ್ವಮೋಹನ ಭಟ್ ಅವರು ಗಿಟಾರನ್ನೇ ಮಾರ್ಪಡಿಸಿ ಮೋಹನ ವೀಣೆ ಮಾಡಿಕೊಂಡು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಆದರೆ ತೋಡಿಯಂಥ ರಾಗದ ಕೆಳಗೆ ಕಾರ್ಡ್ ಬಾರಿಸುವುದು ಬೇಡ, ರಾಗದ ಜೀವ ಹೋಗುತ್ತದೆ. ಮಗಳ ಗುರುಗಳಿಗೂ ಒಂದು ಮಾತು ಹೇಳಿಯೇ ಶುರು ಮಾಡಿ.

ನನ್ನ ಶ್ರುತಿಗೆ ಹಾಡು ಹೊಂದಲ್ಲ. ಏನು ಮಾಡಲಿ?

ಕೇಪೋ ತನ್ನಿ. ಫ್ರೆಟ್ಟಿಗೆ ಅಡ್ಡಲಾಗಿ ಕಚ್ಚಿಸಿದರೆ ಎಲ್ಲ ತಂತಿಯೂ ಅಷ್ಟು ಸ್ವರಸ್ಥಾನ ಮೇಲಕ್ಕೆ ಹೋಗುತ್ತವೆ, ಬೆರಳಿನ ಆಕಾರ ಅದೇ ಇರುತ್ತದೆ. ಹಾರ್ಮೋನಿಯಂ ಲೆಕ್ಕ ಗೊತ್ತಿದ್ದವರಿಗೆ ಹೇಳುವುದಾದರೆ ಬಿಳಿ ಒಂದು ಅಂದರೆ ಸಿ, ಬಿಳಿ ಎರಡು ಡಿ, ಬಿಳಿ ಐದು ಜಿ. ಕಪ್ಪು ಒಂದು ಬೇಕಾದರೆ 1ನೇ ಫ್ರೆಟ್ಟಿಗೆ ಕೇಪೋ ಹಾಕಿ ಸಿ ಆಕಾರ ಹಿಡಿಯಿರಿ. ಕಪ್ಪು ನಾಲ್ಕಕ್ಕೆ ಅದೇ ಜಾಗದಲ್ಲಿ ಜಿ ಆಕಾರ. ನಾಟಕದ ಮೇಷ್ಟ್ರ ಜತೆ ಕೂತು ನುಡಿಸುವಾಗ ಈ ಲೆಕ್ಕ ಬಾಯಲ್ಲಿ ಇರಬೇಕು.

ಎಫ್ ಕಾರ್ಡ್ ಬರೋದೇ ಇಲ್ಲ.

ಯಾರಿಗೂ ಬೇಗ ಬರುವುದಿಲ್ಲ. ಅಲ್ಲಿಯವರೆಗೆ ನಾಲ್ಕನೇ ತಂತಿಯ 3ನೇ ಫ್ರೆಟ್, ಮೂರನೇದರ 2ನೇದು, ಎರಡನೇದರ 1ನೇದು ಹಿಡಿದು ಒಂದನೇ ತಂತಿಯನ್ನು ಹಾಗೇ ಬಿಡಿ. ಇದು ಎಫ್ ಮೇಜರ್ ಸೆವೆನ್, ಬಹಳ ಕಡೆ ಎಫ್ ಬದಲಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಯೂಟ್ಯೂಬ್ ನೋಡಿ ಕಲಿಯಬಹುದಾ, ಮೇಷ್ಟ್ರು ಬೇಕಾ?

ಕಾರ್ಡಿನ ಆಕಾರ, ಹಾಡಿನ ವರಸೆ ವಿಡಿಯೊದಿಂದ ಚೆನ್ನಾಗಿಯೇ ಸಿಗುತ್ತವೆ. ನಿಮ್ಮ ಭುಜ ಬಿಗಿಯಾಗಿದೆ, ಹೆಬ್ಬೆರಳು ಕುತ್ತಿಗೆಯನ್ನು ಹಿಸುಕುತ್ತಿದೆ ಅನ್ನುವುದನ್ನು ವಿಡಿಯೊ ಹೇಳುವುದಿಲ್ಲ. ಮೊದಲ ಎರಡು ತಿಂಗಳಾದರೂ ಎದುರಿಗೆ ಕೂತು ತಿದ್ದುವವರು ಬೇಕು. ಗುಬ್ಬಿ, ಶಿರಾ, ಕುಣಿಗಲ್ ಕಡೆಯಿಂದ ಬರುವವರಿಗೆ ವಾರಕ್ಕೊಮ್ಮೆ ಬಂದರೂ ಸಾಕು ಎನ್ನುತ್ತೇನೆ, ಉಳಿದದ್ದು ಮನೆಯ ಅಭ್ಯಾಸ.

ಪಿಯು ಓದುವಾಗ ಬೇಡ ಅಂತಾರೆ ಮನೇಲಿ.

ದಿನಕ್ಕೆ ಇಪ್ಪತ್ತು ನಿಮಿಷ ಓದಿಗೆ ಅಡ್ಡಿ ಬರುವುದಿಲ್ಲ ಎಂದು ನನ್ನ ಹೆಸರು ಹೇಳಿಯೇ ಮನೆಯವರಿಗೆ ತಿಳಿಸಿ. ಪರೀಕ್ಷೆಯ ತಿಂಗಳು ಹೊಸ ಪಾಠ ಬೇಡ, ಬಂದದ್ದನ್ನೇ ನುಡಿಸಿ. ಟ್ರಿನಿಟಿ ಕಾಲೇಜ್ ಲಂಡನ್ ಎಂಬ ಸಂಸ್ಥೆ ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆಗಳಿವೆ, ಇನಿಶಿಯಲ್‌ನಿಂದ 8ನೇ ಗ್ರೇಡ್‌ವರೆಗೆ. ಗುರಿ ಇದ್ದರೆ ಓದುವ ಸ್ವಭಾವದ ಮಕ್ಕಳಿಗೆ ಒಳ್ಳೆಯದು, ಉಳಿದವರಿಗೆ ಕಡ್ಡಾಯವೇನಲ್ಲ.

ಬಿಸಿಲು, ಮಳೆ, ಬಸ್ಸು: ಗಿಟಾರ್ ಕಾಪಾಡೋದು ಹೇಗೆ?

ಮರಕ್ಕೆ ಹಿತವಾದ ತೇವಾಂಶ 45ರಿಂದ 55 ಶೇಕಡ. ನಮ್ಮ ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಗೀರುತ್ತವೆ, ಮಳೆಗಾಲದಲ್ಲಿ ಉಬ್ಬಿ ತಂತಿ ಮೇಲೇಳುತ್ತದೆ. ಶೀಟಿನ ಮನೆಯಾದರೆ ಗೋಡೆಗೆ ತೂಗುಹಾಕದೆ ಬ್ಯಾಗಿನಲ್ಲಿಟ್ಟು ಮಂಚದ ಬದಿಗೆ ಇಡಿ. ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ, ಒಳಗಿನ ಕಾವಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ತೊಡೆಯ ಮೇಲೆ ನಿಲ್ಲಿಸಿಕೊಳ್ಳಿ. ಬೆಂಗಳೂರು ರೈಲಿನಲ್ಲಿ ಮೇಲಿನ ರ‍್ಯಾಕ್ ಖಾಲಿ ಇದ್ದರೆ ಅಲ್ಲಿ ಮಲಗಿಸಿ, ಮೇಲೆ ಯಾರೂ ಚೀಲ ಇಡದಂತೆ ನೋಡಿಕೊಳ್ಳಿ.

ತಂತಿ ಯಾವಾಗ ಬದಲಾಯಿಸಲಿ? ಒಂದೇ ಕಿತ್ತುಹೋದರೆ?

ದಿನಾ ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ. ತಂತಿ ಕಪ್ಪಾಗಿ, ಮುಟ್ಟಿದರೆ ಒರಟಾಗಿದ್ದರೆ ಕಾಲ ಬಂತು ಅಂತಲೇ. ನುಡಿಸಿದ ಮೇಲೆ ಒಣಬಟ್ಟೆಯಿಂದ ಬೆವರು ಒರೆಸಿದರೆ ಇನ್ನಷ್ಟು ದಿನ ಬಾಳುತ್ತದೆ. ಹೆಚ್ಚಾಗಿ ಕೀಳುವುದು ಒಂದನೇ ತಂತಿ, ಬಿಡಿ ತಂತಿ ಒಂದೆರಡು ಬ್ಯಾಗಿನಲ್ಲಿ ಇರಲಿ. ಬೇರೆ ದಪ್ಪದ್ದು ಹಾಕಬೇಡಿ, ಸೆಟ್ಟಿನ ನಂಬರ್ ಬರೆದಿಟ್ಟುಕೊಳ್ಳಿ. ಹೊಸ ತಂತಿ ಎರಡು ದಿನ ಹಿಗ್ಗುತ್ತಲೇ ಇರುತ್ತದೆ. ಹಾಕಿದ ಕೂಡಲೇ ಮಧ್ಯದಲ್ಲಿ ಬೆರಳು ಕೊಟ್ಟು ಮೆಲ್ಲಗೆ ಎಳೆದು ಮತ್ತೆ ಟ್ಯೂನ್ ಮಾಡಿ, ಸ್ವರ ನಿಲ್ಲುವವರೆಗೆ ಹೀಗೇ ಮಾಡಿ. ಕಾರ್ಯಕ್ರಮದ ದಿನ ಬೆಳಗ್ಗೆ ತಂತಿ ಬದಲಾಯಿಸಬೇಡಿ, ಎರಡು ದಿನ ಮೊದಲೇ ಮುಗಿಸಿ.